ಅರಿವಿನ ಋಣ
ಏಷ್ಯದ ಜನರನ್ನು ಅರಿಯಲು ಬಾಳು ಸವೆಸಿದ ಕೆಲವು ಫ್ರೆಂಚ್ ಗುರುಗಳು ಹಾಗೂ ವಿದ್ವಾಂಸರು

(ಶತಮಾನೋತ್ಸವದ ಅಂಗವಾಗಿ ವಿಚಾರಣಾ ಗುರುಗಳು ನೀಡಿದ ಉಪನ್ಯಾಸದ ಪಾಠ)



ನೂರು ವರ್ಷ ತುಂಬಿದ ದೇವಾಲಯದ ಅಂಗಳದಲ್ಲಿ ನಿಂತಾಗ ಮನಸ್ಸು ಸಹಜವಾಗಿಯೇ ಹಿಂದಕ್ಕೆ ಹೊರಳುತ್ತದೆ. ನಮಗಿಂತ ಮೊದಲು ಬಂದವರು ಯಾರು, ಅವರು ನಮಗಾಗಿ ಇಟ್ಟುಹೋದದ್ದೇನು, ಅವರಿಗೆ ನಾವು ಸಲ್ಲಿಸಬೇಕಾದದ್ದೇನು ಎಂಬ ಪ್ರಶ್ನೆಗಳು ಏಳುತ್ತವೆ. ಮನುಷ್ಯನು ಹುಟ್ಟುವಾಗಲೇ ಮೂರು ಋಣಗಳನ್ನು ಹೊತ್ತು ಬರುತ್ತಾನೆಂದು ನಮ್ಮ ನಾಡಿನ ಹಿರಿಯರು ಹೇಳುತ್ತ ಬಂದಿದ್ದಾರೆ: ದೇವಋಣ, ಪಿತೃಋಣ, ಋಷಿಋಣ. ದೇವರಿಗೆ ಸಲ್ಲಬೇಕಾದುದನ್ನು ನಾವು ಆರಾಧನೆಯಿಂದ ಸಲ್ಲಿಸುತ್ತೇವೆ. ಹೆತ್ತವರಿಗೆ ಸಲ್ಲಬೇಕಾದುದನ್ನು ಸೇವೆಯಿಂದ ಸಲ್ಲಿಸುತ್ತೇವೆ. ಆದರೆ ನಮಗೆ ಅರಿವನ್ನು ಕೊಟ್ಟವರ ಋಣ ಬಹು ಬೇಗ ಮರೆತುಹೋಗುವಂಥದು. ಅನ್ನ ಕೊಟ್ಟವರ ಮುಖ ನೆನಪಿರುತ್ತದೆ. ಅಕ್ಷರ ಕೊಟ್ಟವರ ಹೆಸರು ಅಳಿಸಿಹೋಗುತ್ತದೆ.

ಈ ಮೂರನೆಯ ಋಣದ ಬೆಳಕಿನಲ್ಲಿ ನಾವು ಇಂದು ಕೆಲವು ಫ್ರೆಂಚ್ ಮಹನೀಯರ ಜೀವನವನ್ನು ಅವಲೋಕಿಸೋಣ. ಅವರಲ್ಲಿ ಹೆಚ್ಚಿನವರು ಗುರುಗಳು, ಒಬ್ಬರು ಗೃಹಸ್ಥ ವಿದ್ವಾಂಸರು. 18ನೆಯ ಶತಮಾನದಿಂದ 20ನೆಯ ಶತಮಾನದ ಮಧ್ಯದವರೆಗೆ ಬಾಳಿದ ಇವರು ಭಾರತಕ್ಕೂ ವಿಯೆಟ್ನಾಮಿಗೂ ಹೋಗಿ, ಆಯಾ ದೇಶಗಳ ಭಾಷೆಗಳನ್ನು ಕಲಿತು, ಅಲ್ಲಿಯ ಜನರ ನಡೆನುಡಿಗಳನ್ನೂ ಶಾಸ್ತ್ರಗಳನ್ನೂ ಬರೆದಿಟ್ಟರು. ಇವರನ್ನು ಬರಿದೇ ಕೊಂಡಾಡಿ ಕೈಮುಗಿದು ಮುಗಿಸುವುದು ನಮ್ಮ ಉದ್ದೇಶವಲ್ಲ. ಒಂದು ಜನಾಂಗದಿಂದ ಕಲಿತವನು ಆ ಜನಾಂಗಕ್ಕೆ ಏನನ್ನು ತೀರಿಸಬೇಕು, ತನಗಿಂತ ಮೊದಲು ದುಡಿದವನಿಗೆ ಏನನ್ನು ಸಲ್ಲಿಸಬೇಕು ಎಂಬ ಪ್ರಶ್ನೆಯನ್ನು ಇವರ ಬಾಳಿನ ಮುಂದಿಟ್ಟು ನೋಡುವುದೇ ನಮ್ಮ ಉದ್ದೇಶ.

ಕಲಿಸಲು ಬಂದವರು ಕಲಿತದ್ದು

ಬಂಗಾಳದ ಚಂದ್ರನಗರವು ಆಗ ಫ್ರೆಂಚರ ವಸಾಹತಾಗಿತ್ತು. ಯೇಸುಸಭೆಯ ಗುರು ಝಾಂ ಫ್ರಾಂಸ್ವಾ ಪೋನ್ಸ್ ಅವರು ಅಲ್ಲಿ ಪಂಡಿತರ ನೆರವಿನಿಂದ ಸಂಸ್ಕೃತವನ್ನು ಅಭ್ಯಾಸ ಮಾಡಿದರು. ಪ್ಯಾರಿಸಿನ ರಾಜಗ್ರಂಥಾಲಯಕ್ಕಾಗಿ ಅವರು 168 ಹಸ್ತಪ್ರತಿಗಳನ್ನು ಸಂಗ್ರಹಿಸಿ, 1730ರ ದಶಕದ ಆರಂಭದಲ್ಲಿ ಹಡಗಿನಲ್ಲಿ ಕಳುಹಿಸಿಕೊಟ್ಟರು. ಅವುಗಳೊಂದಿಗೆ ತಾವೇ ಲತೀನ್ ಭಾಷೆಯಲ್ಲಿ ರಚಿಸಿದ ಒಂದು ಸಂಸ್ಕೃತ ವ್ಯಾಕರಣವನ್ನೂ ನೀಡಿದರು. 1740ರಲ್ಲಿ ಬರೆದ ಒಂದು ದೀರ್ಘ ಪತ್ರದಲ್ಲಿ ನಮ್ಮ ನಾಡಿನ ವ್ಯಾಕರಣ, ತರ್ಕ, ದರ್ಶನಗಳ ಬಗ್ಗೆ ಯೂರೋಪಿನವರಿಗೆ ತಿಳಿಸಿದರು.

ಆ ವ್ಯಾಕರಣದ ಮುಂದಿನ ಕಥೆ ಮನನೀಯವಾದುದು. ಹಲವು ದಶಕಗಳ ಕಾಲ ಅದು ಗ್ರಂಥಾಲಯದ ಕಪಾಟಿನಲ್ಲಿ ಓದುಗರಿಲ್ಲದೆ ಉಳಿಯಿತು. ಭಾರತವನ್ನು ಎಂದೂ ಕಾಣದ ಲೆಯೊನಾರ್ ದ ಶೆಜಿ ಎಂಬ ವಿದ್ವಾಂಸರು, ಗುರುವಿಲ್ಲದೆ ಸಂಸ್ಕೃತ ಕಲಿಯಲು ಹೊರಟಾಗ ಅದನ್ನು ಕೈಗೆತ್ತಿಕೊಂಡರು. 1814ರಲ್ಲಿ ಪ್ಯಾರಿಸಿನ ಕೊಲೇಜ್ ದ ಫ್ರಾನ್ಸ್ ಸಂಸ್ಥೆಯಲ್ಲಿ ಸಂಸ್ಕೃತ ಪೀಠ ಸ್ಥಾಪನೆಯಾದಾಗ ಅದರ ಮೊದಲ ಪ್ರಾಧ್ಯಾಪಕರಾದವರು ಇದೇ ಶೆಜಿಯವರು. ಬಂಗಾಳದ ಪಂಡಿತರು ಪೋನ್ಸ್ ಅವರಿಗೆ ಕೊಟ್ಟರು. ಪೋನ್ಸ್ ಅವರು ತಾವು ಕಾಣದ ಶಿಷ್ಯನಿಗೆ ಕೊಟ್ಟರು. ಬಿತ್ತಿದವರು ಬೇರೆ, ಕೊಯ್ದವರು ಬೇರೆ. ಆ ಪಂಡಿತರ ಹೆಸರುಗಳಾದರೋ ಪೋನ್ಸ್ ಅವರ ಹೆಸರಿನಷ್ಟು ಕೂಡ ಯೂರೋಪಿನಲ್ಲಿ ಪ್ರಸಿದ್ಧಿಗೆ ಬರಲಿಲ್ಲ.

ಪೋನ್ಸ್ ಅವರ ಸಮಕಾಲೀನರಾದ ಇನ್ನೊಬ್ಬ ಯೇಸುಸಭೆಯ ಗುರು ಗಾಸ್ತೋನ್ ಲೊರಾಂ ಕೆರ್ದೂ. ಇವರು 1691ರಲ್ಲಿ ಫ್ರಾನ್ಸಿನ ಬೂರ್ಜ್ ನಗರದಲ್ಲಿ ಜನಿಸಿ, 1732ರಲ್ಲಿ ಭಾರತಕ್ಕೆ ಬಂದವರು. ಕರ್ನಾಟಿಕ್ ಮಿಷನ್ ಎಂದು ಕರೆಯಲ್ಪಡುತ್ತಿದ್ದ ಪ್ರಾಂತದ ತೆಲುಗು ಸೀಮೆಯಲ್ಲಿ ದುಡಿದರು. ತೆಲುಗು, ಸಂಸ್ಕೃತಗಳಲ್ಲಿ ಪಾಂಡಿತ್ಯ ಗಳಿಸಿದರು. ಕೆಲವು ಕಾಲ ಆ ಮಿಷನ್ನಿನ ಮೇಲಧಿಕಾರಿಯೂ ಆಗಿದ್ದರು. 1742ರಲ್ಲಿ ಅವರು ಬರೆದ ಒಂದು ಪತ್ರ ಇಂದಿಗೂ ನೇಯ್ಗೆಯ ಇತಿಹಾಸಕಾರರು ಓದುವಂಥದು. ನಮ್ಮ ದೇಶದ ಬಣ್ಣದ ಹತ್ತಿಬಟ್ಟೆಗಳಿಗೆ ಯೂರೋಪು ಮರುಳಾಗಿದ್ದ ಕಾಲವದು. ಒಗೆದರೂ ಬಿಡದ ಆ ಬಣ್ಣದ ಮರ್ಮ ಅಲ್ಲಿಯ ಕುಶಲಕರ್ಮಿಗಳಿಗೆ ಸರಿಯಾಗಿ ತಿಳಿದಿರಲಿಲ್ಲ. ಬಟ್ಟೆಯನ್ನು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ಅದ್ದುವುದರಿಂದ ಮೊದಲ್ಗೊಂಡು, ಪಟಿಕ ಬಳಿಯುವುದು, ಕೆಂಪು ಬಣ್ಣ ಕೊಡುವ ಬೇರಿನೊಡನೆ ಕುದಿಸುವುದು ಇವೆಲ್ಲವನ್ನೂ ಕೆರ್ದೂರವರು ಕ್ರಮವಾಗಿ ವಿವರಿಸಿದರು.

ಈ ವಿದ್ಯೆಯನ್ನು ಅವರಿಗೆ ಹೇಳಿಕೊಟ್ಟವರು ಯಾರು? ಅವರಿಂದಲೇ ಜ್ಞಾನಸ್ನಾನ ಪಡೆದ ಬಣ್ಣಗಾರರು. ಕೆರ್ದೂರವರು ಅದನ್ನು ಮುಚ್ಚಿಡಲಿಲ್ಲ. ಹೊಸದಾಗಿ ಕ್ರೈಸ್ತರಾದ ಕುಶಲಕರ್ಮಿಗಳಿಂದ ಕೇಳಿ ತಿಳಿದದ್ದೆಂದು ಪತ್ರದಲ್ಲಿಯೇ ಹೇಳಿದರು. ಧರ್ಮೋಪದೇಶದ ವೇಳೆ ಗುರುವಾಗಿದ್ದವರು ಬಣ್ಣದ ಮಡಕೆಯ ಮುಂದೆ ಶಿಷ್ಯರಾಗಿ ಕುಳಿತರು. ಇದು ಅವರ ವಿನಯಕ್ಕೆ ಸಾಕ್ಷಿ. ಆದರೆ ಆ ಪತ್ರ ಫ್ರಾನ್ಸಿನಲ್ಲಿ ಅಚ್ಚಾದ ಮೇಲೆ, ತಲೆಮಾರುಗಳಿಂದ ಮನೆಯೊಳಗೆ ಕಾಪಾಡಿಕೊಂಡು ಬಂದ ವಿದ್ಯೆ ಹೊರನಾಡಿನ ಕಾರ್ಖಾನೆಗಳ ಸೊತ್ತಾಗಲು ದಾರಿಯಾಯಿತು ಎಂಬುದನ್ನೂ ನಾವು ಹೇಳದೆ ಇರಲಾಗದು. ಸದುದ್ದೇಶದಿಂದ ಪಡೆದ ಅರಿವೂ ಕೊಟ್ಟವನ ಕೈಬಿಟ್ಟು ಹೋದೀತು.

ನಲವತ್ತು ವರ್ಷ ಕಾದ ಪತ್ರ

ಗುರುಮಠದಲ್ಲಿ ಲತೀನ್ ಕಲಿತ ನಮ್ಮಂಥವರಿಗೆ ಒಂದು ಸೋಜಿಗ ಆಗಾಗ ಎದುರಾಗುತ್ತದೆ. ನಾವು ದಾನವೆನ್ನುವುದು ಲತೀನಿನಲ್ಲಿ ‘ದೋನುಂ’. ನಾವು ವಿಧವೆಯೆನ್ನುವುದು ಅಲ್ಲಿ ‘ವಿದುವಾ’. ನಮ್ಮ ಅಗ್ನಿ ಅಲ್ಲಿ ‘ಇಗ್ನಿಸ್’. ಸಾವಿರಾರು ಮೈಲಿ ದೂರದ ರೋಮಿನ ನುಡಿಗೂ, ಸಂಸ್ಕೃತದಿಂದ ನಮ್ಮ ಕನ್ನಡಕ್ಕೆ ಬಂದ ಈ ಪದಗಳಿಗೂ ಎಲ್ಲಿಯ ನಂಟು?

1767ರಲ್ಲಿ, ಎಪ್ಪತ್ತಾರರ ಇಳಿವಯಸ್ಸಿನಲ್ಲಿ, ಕೆರ್ದೂರವರು ಪಾಂಡಿಚೇರಿಯಿಂದ ಪ್ಯಾರಿಸಿನ ಶಾಸನ ಹಾಗೂ ಸಾಹಿತ್ಯ ಅಕಾಡೆಮಿಗೆ ಇದೇ ಪ್ರಶ್ನೆಯನ್ನು ಬರೆದು ಕಳುಹಿಸಿದರು. ಸಂಸ್ಕೃತ, ಗ್ರೀಕ್, ಲತೀನ್ ಈ ಮೂರರಲ್ಲಿ ಸಮಾನವಾದ ಪದಗಳ ಪಟ್ಟಿಗಳನ್ನು ಜೋಡಿಸಿದರು. ಪದಗಳು ಮಾತ್ರವಲ್ಲ, ‘ಇರು’ ಎಂಬರ್ಥದ ಕ್ರಿಯಾಪದದ ರೂಪಗಳು ಸಂಸ್ಕೃತದಲ್ಲಿಯೂ ಲತೀನಿನಲ್ಲಿಯೂ ಹೇಗೆ ಹೋಲುತ್ತವೆಂದು ತೋರಿಸಿದರು. ವ್ಯಾಪಾರದಿಂದ ಇಷ್ಟು ಸಾಮ್ಯ ಬಂದೀತೇ? ದಂಡಯಾತ್ರೆಯಿಂದ ಬಂದೀತೇ? ಶಾಸ್ತ್ರಗಳ ವಿನಿಮಯದಿಂದ ಬಂದೀತೇ? ಒಂದೊಂದನ್ನೂ ತೂಗಿ ನೋಡಿ, ಯಾವುದೂ ಸಾಲದೆಂದು ಕಂಡು, ಈ ಭಾಷೆಗಳಿಗೆ ಒಂದೇ ಮೂಲವಿರಬೇಕು ಎಂಬ ತೀರ್ಮಾನಕ್ಕೆ ಬಂದರು. ಬಾಬೆಲ್ ಗೋಪುರದ ಬಳಿಕ ಚದುರಿದ ಯಾಫೆತನ ಸಂತತಿಯೆಂಬ, ಆ ಕಾಲದ ಗುರುವೊಬ್ಬರಿಗೆ ಸಹಜವಾದ ಚೌಕಟ್ಟಿನಲ್ಲಿ ಅವರು ಅದನ್ನು ವಿವರಿಸಿದರೂ, ಭಾಷೆಗಳನ್ನು ಕುರಿತ ತರ್ಕ ಸರಿಯಾಗಿಯೇ ಇತ್ತು.

ಅಕಾಡೆಮಿಯಲ್ಲಿ ಆ ಪತ್ರವನ್ನು ಓದಲಾಯಿತು. ಆದರೆ ಅದು ಅಚ್ಚಾದದ್ದು 1808ರಲ್ಲಿ. ಅಷ್ಟರೊಳಗೆ, 1786ರಲ್ಲಿ, ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ಸಭೆಯಲ್ಲಿ ಸರ್ ವಿಲಿಯಂ ಜೋನ್ಸ್ ಅವರು ಈ ಭಾಷೆಗಳ ಸೋದರ ಸಂಬಂಧವನ್ನು ಸಾರಿದ್ದರು. ಲೋಕದ ಮನ್ನಣೆ ಜೋನ್ಸ್ ಅವರಿಗೆ ಸಂದಿತು. ಜೋನ್ಸ್ ಅವರ ವಿದ್ವತ್ತು ದೊಡ್ಡದೇ. ಆದರೆ ಅವರಿಗಿಂತ ಹತ್ತೊಂಬತ್ತು ವರ್ಷ ಮೊದಲು ಅದನ್ನು ಬರೆದಿಟ್ಟ ಮುದಿ ಗುರುವಿನ ಹೆಸರು ಎಷ್ಟು ಮಂದಿಗೆ ಗೊತ್ತು?

ಕೆರ್ದೂರವರ ಕೊನೆಯ ವರ್ಷಗಳು ನೋವಿನವು. 1761ರಲ್ಲಿ ಇಂಗ್ಲಿಷರು ಪಾಂಡಿಚೇರಿಯನ್ನು ಗೆದ್ದು ನಗರವನ್ನು ಕೆಡವಿದರು. 1764ರಲ್ಲಿ ಫ್ರಾನ್ಸಿನ ದೊರೆ ತನ್ನ ರಾಜ್ಯದಲ್ಲಿ ಯೇಸುಸಭೆಯನ್ನು ರದ್ದುಗೊಳಿಸಿದನು. 1773ರಲ್ಲಿ ಜಗದ್ಗುರುಗಳೇ ಆ ಸಭೆಯನ್ನು ಎಲ್ಲೆಡೆ ವಿಸರ್ಜಿಸಿದರು. ತಾವು ಸೇರಿದ ಸಭೆಯೇ ಇಲ್ಲವಾದ ಮೇಲೂ ಅವರು ಪಾಂಡಿಚೇರಿಯನ್ನು ಬಿಡಲಿಲ್ಲ, ಲೇಖನಿಯನ್ನೂ ಬಿಡಲಿಲ್ಲ. ಭಾರತೀಯರ ಆಚಾರ ವಿಚಾರಗಳ ಕುರಿತು ಒಂದು ದೊಡ್ಡ ಗ್ರಂಥವನ್ನು ಬರೆದು 1779ರಲ್ಲಿ ಅಲ್ಲಿಯೇ ಕಣ್ಮುಚ್ಚಿದರು. ಆ ಗ್ರಂಥದ ಗತಿ ಏನಾಯಿತೆಂಬುದನ್ನು ಮುಂದೆ ಹೇಳುತ್ತೇವೆ.

ಗ್ರಂಥಕ್ಕಾಗಿ ಸೈನಿಕರಾದವರು

ಕೆರ್ದೂರವರ ಪತ್ರ ಪೂರ್ತಿ ಕಳೆದುಹೋಗದಂತೆ ಕಾಪಾಡಿ ಮುದ್ರಣಕ್ಕೆ ಅಣಿಗೊಳಿಸಿದವರು ಗುರುಗಳಲ್ಲ, ಒಬ್ಬ ಗೃಹಸ್ಥರು: ಆಬ್ರಹಾಂ ಯಾಸಿಂತ್ ಆಂಕೆತಿಲ್ ದ್ಯುಪೆರೋಂ. 1731ರಲ್ಲಿ ಪ್ಯಾರಿಸಿನಲ್ಲಿ ಜನಿಸಿದ ಇವರು ದೈವಶಾಸ್ತ್ರದ ವ್ಯಾಸಂಗಕ್ಕಾಗಿ ಹೀಬ್ರೂ, ಅರಬ್ಬೀ ಭಾಷೆಗಳನ್ನು ಕಲಿತಿದ್ದರು. ಪಾರ್ಸಿಗಳ ಪವಿತ್ರ ಗ್ರಂಥದ ಕೆಲವು ಹಾಳೆಗಳ ಪ್ರತಿಯನ್ನು ಪ್ಯಾರಿಸಿನಲ್ಲಿ ಕಂಡರು. ಅದನ್ನು ಓದಬಲ್ಲವರು ಯೂರೋಪಿನಲ್ಲಿ ಒಬ್ಬರೂ ಇರಲಿಲ್ಲ. ಓದಬಲ್ಲವರಿರುವಲ್ಲಿಗೆ ತಾವೇ ಹೋಗಬೇಕೆಂದು ನಿಶ್ಚಯಿಸಿ, ಭಾರತಕ್ಕೆ ಹೊರಟ ದಂಡಿನಲ್ಲಿ ಸಾಮಾನ್ಯ ಸಿಪಾಯಿಯಾಗಿ ಹೆಸರು ಬರೆಯಿಸಿಕೊಂಡರು. ಅವರ ಛಲವನ್ನು ಕಂಡ ಸರ್ಕಾರವು ಸೈನ್ಯದಿಂದ ಬಿಡುಗಡೆ ಮಾಡಿ, ಹಡಗಿನಲ್ಲಿ ಉಚಿತವಾಗಿ ಕಳುಹಿಸಿಕೊಟ್ಟಿತು. ಆಗ ಅವರಿಗೆ ಇಪ್ಪತ್ತಮೂರು ವರ್ಷ.

1755ರಲ್ಲಿ ಪಾಂಡಿಚೇರಿಯಲ್ಲಿ ಇಳಿದ ಅವರು ಯುದ್ಧ, ರೋಗ, ದಾರಿದ್ರ್ಯಗಳನ್ನು ದಾಟಿ ಸೂರತ್ ಸೇರಿದರು. ಅಲ್ಲಿ ದಸ್ತೂರ್ ದಾರಾಬ್ ಎಂಬ ಪಾರ್ಸಿ ಪುರೋಹಿತರ ಬಳಿ ಅಭ್ಯಾಸ ನಡೆಸಿದರು. 1762ರಲ್ಲಿ ಪ್ಯಾರಿಸಿಗೆ ಮರಳಿದಾಗ ಅವರ ಬಳಿ ಹಣವಿರಲಿಲ್ಲ, 180 ಹಸ್ತಪ್ರತಿಗಳಿದ್ದವು. 1771ರಲ್ಲಿ ‘ಝೆಂದ್ ಅವೆಸ್ತಾ’ದ ಅನುವಾದವನ್ನು ಮೂರು ಸಂಪುಟಗಳಲ್ಲಿ ಪ್ರಕಟಿಸಿದರು. ತಮ್ಮ ಪಾರ್ಸಿ ಗುರುವಿನ ಹೆಸರನ್ನು ಅದರಲ್ಲಿ ದಾಖಲಿಸಿದರು. ಇದು ಮೋಸದ ಗ್ರಂಥವೆಂದು ಹೀಯಾಳಿಸಿದವರಲ್ಲಿ ಯುವಕ ವಿಲಿಯಂ ಜೋನ್ಸ್ ಅವರೂ ಒಬ್ಬರು. ಗ್ರಂಥ ಪ್ರಾಚೀನವೂ ಪ್ರಾಮಾಣಿಕವೂ ಆದುದೆಂದು ಡೆನ್ಮಾರ್ಕಿನ ವಿದ್ವಾಂಸ ರಾಸ್ಕ್ ಸ್ಥಾಪಿಸಿದ್ದು 1826ರಲ್ಲಿ. ಅಷ್ಟರಲ್ಲಿ ಆಂಕೆತಿಲ್ ತೀರಿಕೊಂಡು ಇಪ್ಪತ್ತೊಂದು ವರ್ಷಗಳಾಗಿದ್ದವು.

ಅವರ ಕೊನೆಯ ದೊಡ್ಡ ಕೃತಿ ಉಪನಿಷತ್ತುಗಳ ಲತೀನ್ ಅನುವಾದ. ಇದರ ಹಿಂದಿನ ಕೈಗಳನ್ನು ಎಣಿಸೋಣ. 1657ರಲ್ಲಿ ಷಹಜಹಾನನ ಮಗ ದಾರಾ ಷಿಕೋ ಕಾಶಿಯ ಪಂಡಿತರ ನೆರವಿನಿಂದ ಐವತ್ತು ಉಪನಿಷತ್ತುಗಳನ್ನು ಪಾರಸಿ ಭಾಷೆಗೆ ತಂದನು. ಅದರ ಪ್ರತಿಯೊಂದನ್ನು ಅವಧದಲ್ಲಿದ್ದ ಝಾಂತಿ ಎಂಬ ಫ್ರೆಂಚ್ ಅಧಿಕಾರಿ 1775ರಲ್ಲಿ ಆಂಕೆತಿಲ್ ಅವರಿಗೆ ಕಳುಹಿಸಿದರು. 1801–02ರಲ್ಲಿ ಲತೀನ್ ಅನುವಾದ ಅಚ್ಚಾಯಿತು. ಜರ್ಮನಿಯ ತತ್ತ್ವಜ್ಞಾನಿ ಷೋಪೆನ್‌ಹೌಯರ್ ಅವರ ಬಾಳಿಗೆ ಸಮಾಧಾನ ಕೊಟ್ಟ ಗ್ರಂಥ ಅದೇ. ಹಿಂದೂ ಪಂಡಿತರು, ಮುಸಲ್ಮಾನ ರಾಜಕುಮಾರ, ಕಥೋಲಿಕ ವಿದ್ವಾಂಸ ಇವರೆಲ್ಲರೂ ಒಂದೇ ದೀಪವನ್ನು ಕೈಯಿಂದ ಕೈಗೆ ದಾಟಿಸಿದರು. ದಾರಾ ತನ್ನ ತಮ್ಮನಿಂದಲೇ ಕೊಲೆಯಾದನು. ಆಂಕೆತಿಲ್ ಬಡತನದಲ್ಲಿ ಬಾಳಿ, ನೆಪೋಲಿಯನ್ನನಿಗೆ ನಿಷ್ಠೆಯ ಪ್ರಮಾಣ ಮಾಡಲು ಒಪ್ಪದೆ, 1805ರಲ್ಲಿ ನಿಧನ ಹೊಂದಿದರು. ಏಷ್ಯದ ಜನರಿಗೆ ಕಾನೂನಿಲ್ಲ, ಆಸ್ತಿಯ ಹಕ್ಕಿಲ್ಲ, ಅವರು ಗುಲಾಮರಾಗಿ ಬಾಳಲು ಹುಟ್ಟಿದವರು ಎಂಬ ತಮ್ಮ ಕಾಲದ ಮಾತನ್ನು 1778ರಲ್ಲಿಯೇ ಒಂದು ಗ್ರಂಥ ಬರೆದು ಖಂಡಿಸಿದವರು ಅವರು. ಕಲಿತ ನಾಡಿಗೆ ಅವರು ಸಲ್ಲಿಸಿದ ಕಪ್ಪವಿದು.

ಮೈಸೂರು ಸೀಮೆಯ ದೊಡ್ಡ ಸ್ವಾಮಿಯವರು

ಈಗ ನಮ್ಮ ಸ್ವಂತ ನಾಡಿಗೆ ಬರೋಣ. ಶ್ರೀರಂಗಪಟ್ಟಣದ ಗಂಜಾಮಿನಲ್ಲಿರುವ ಪುಟ್ಟ ದೇವಾಲಯವನ್ನು ಇಂದಿಗೂ ಜನ ಅಬ್ಬೆ ದ್ಯುಬ್ವಾ ಅವರ ಹೆಸರಿನಿಂದ ಗುರುತಿಸುತ್ತಾರೆ. ಪ್ಯಾರಿಸಿನ ವಿದೇಶೀ ಧರ್ಮಪ್ರಚಾರ ಸಂಸ್ಥೆಗೆ ಸೇರಿದ ಝಾಂ ಆಂತ್ವಾನ್ ದ್ಯುಬ್ವಾ ಅವರು 1792ರಲ್ಲಿ ಗುರುದೀಕ್ಷೆ ಪಡೆದು, ಮಹಾಕ್ರಾಂತಿಯ ಬೆಂಕಿಯಲ್ಲಿ ಬೇಯುತ್ತಿದ್ದ ಫ್ರಾನ್ಸನ್ನು ಅದೇ ವರ್ಷ ಬಿಟ್ಟವರು. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ನಂತರ ಮೈಸೂರು ಸೀಮೆಗೆ ಬಂದು, ಚದುರಿಹೋಗಿದ್ದ ಕ್ರೈಸ್ತ ಸಮುದಾಯವನ್ನು ಮತ್ತೆ ಕೂಡಿಸಿದರು. ಇಲ್ಲಿಯ ಉಡುಪು ತೊಟ್ಟರು, ರುಮಾಲು ಸುತ್ತಿದರು, ಮಾಂಸಾಹಾರ ವರ್ಜಿಸಿದರು, ಇಲ್ಲಿಯ ಮಾತನ್ನಾಡಿದರು. ಜನ ಅವರನ್ನು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು.

ನೆಲೆ ತಪ್ಪಿದ ಕುಟುಂಬಗಳಿಗೆ ಹಾಸನ ಸೀಮೆಯ ಸತ್ತಿಹಳ್ಳಿಯಲ್ಲಿ ಬೇಸಾಯದ ನೆಲೆ ಕಲ್ಪಿಸಿದರು. ಸಿಡುಬಿನ ಲಸಿಕೆ ಯೂರೋಪಿನಲ್ಲಿಯೇ ಹೊಸದಾಗಿದ್ದ ಕಾಲದಲ್ಲಿ, ಜನರ ಅಂಜಿಕೆಯನ್ನು ಕಳೆದು, ಅದನ್ನು ಇಲ್ಲಿ ಹರಡಲು ದುಡಿದರು. 1803–04ರಲ್ಲಿ 25,432 ಜನರಿಗೆ ಲಸಿಕೆ ಹಾಕಲಾಯಿತೆಂದು ದಾಖಲೆಯಿದೆ. ಅವರಲ್ಲಿ ಎಷ್ಟು ಮಕ್ಕಳು ಬದುಕುಳಿದು, ಮನೆ ಮಾಡಿ, ಮೊಮ್ಮಕ್ಕಳನ್ನು ಕಂಡರೋ ಲೆಕ್ಕವಿಟ್ಟವರಿಲ್ಲ. ಈ ಸೀಮೆಯ ಮನೆಗಳಲ್ಲಿ ಅವರ ವಂಶದವರು ಇಂದಿಗೂ ಇದ್ದಾರು.

ಲೋಕದಲ್ಲಿ ಅವರಿಗೆ ಕೀರ್ತಿ ತಂದದ್ದು ಮಾತ್ರ ಒಂದು ಗ್ರಂಥ. ಹಿಂದೂಗಳ ಆಚಾರ, ನಡವಳಿಕೆ, ವಿಧಿಗಳನ್ನು ವರ್ಣಿಸುವ ಆ ಹಸ್ತಪ್ರತಿಯನ್ನು ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅವರ ಮೂಲಕ ಪಡೆದ ಈಸ್ಟ್ ಇಂಡಿಯಾ ಕಂಪನಿಯು 2,000 ವರಾಹಗಳಿಗೆ ಕೊಂಡುಕೊಂಡಿತು. ಮದರಾಸಿನ ಗವರ್ನರ್ ಲಾರ್ಡ್ ವಿಲಿಯಂ ಬೆಂಟಿಂಕ್ ಅದನ್ನು ಅಧಿಕಾರಿಗಳಿಗೆ ಉಪಯುಕ್ತವಾದ ಗ್ರಂಥವೆಂದು ಹೊಗಳಿದರು. 1816ರಲ್ಲಿ ಲಂಡನ್ನಿನಿಂದ ಇಂಗ್ಲಿಷ್ ಅನುವಾದ ಹೊರಬಂದಿತು; 1825ರಲ್ಲಿ ಪ್ಯಾರಿಸಿನಲ್ಲಿ ಪರಿಷ್ಕೃತ ಫ್ರೆಂಚ್ ಆವೃತ್ತಿ; 1897ರಲ್ಲಿ ಬ್ಯೂಚಾಂಪ್ ಅವರ ಇಂಗ್ಲಿಷ್ ಆವೃತ್ತಿ. ಪಂಚತಂತ್ರದ ಕಥೆಗಳನ್ನೂ ಅವರು 1826ರಲ್ಲಿ ಫ್ರೆಂಚ್ ಓದುಗರಿಗೆ ಕೊಟ್ಟರು.

1823ರ ಜನವರಿಯಲ್ಲಿ ಭಾರತವನ್ನು ಬಿಟ್ಟು ಹೋದ ಅವರು ಮರಳಿ ಬರಲಿಲ್ಲ. ಪ್ಯಾರಿಸಿನಲ್ಲಿ ತಮ್ಮ ಸಂಸ್ಥೆಯ ಹಿರಿಯ ಹೊಣೆಗಳನ್ನು ಹೊತ್ತು 1848ರಲ್ಲಿ ಮರಣ ಹೊಂದಿದರು. ಅದೇ 1823ರಲ್ಲಿ ಪ್ರಕಟವಾದ ಪತ್ರಗಳಲ್ಲಿ, ಅಂದಿನ ಸ್ಥಿತಿಯಲ್ಲಿ ಈ ದೇಶದ ಜನ ಕ್ರೈಸ್ತರಾಗುವುದು ಮನುಷ್ಯಪ್ರಯತ್ನದಿಂದ ಆಗದ ಮಾತೆಂದು ಅವರು ನಿರಾಶೆಯಿಂದ ಬರೆದರು. ಅವರ ಗ್ರಂಥದಲ್ಲಿಯೂ ಬ್ರಾಹ್ಮಣರ ಬಗೆಗೆ, ಇತರ ಹಲವು ಆಚಾರಗಳ ಬಗೆಗೆ ಕಟುವಾದ ಮಾತುಗಳಿವೆ. ಉಂಡ ಮನೆಯ ಜಂತೆ ಎಣಿಸಬಾರದೆಂಬುದು ನಮ್ಮ ಗಾದೆ. ಮೂವತ್ತು ವರ್ಷ ಈ ನಾಡಿನ ಅನ್ನವುಂಡ ದೊಡ್ಡ ಸ್ವಾಮಿಯವರು ಕೆಲವೊಮ್ಮೆ ಜಂತೆಗಳನ್ನು ಎಣಿಸಿದರೆಂದು ನಾವು ಒಪ್ಪಬೇಕಾಗಿದೆ.

ಒಂದು ಗ್ರಂಥ, ಇಬ್ಬರು ಗುರುಗಳು

ಮೇಲೆ ಹೇಳುತ್ತೇವೆಂದ ಸಂಗತಿಯನ್ನು ಇಲ್ಲಿ ಹೇಳಬೇಕು. ಮುದಿ ಗುರು ಕೆರ್ದೂರವರು ಪಾಂಡಿಚೇರಿಯಲ್ಲಿ ಬರೆದ ಗ್ರಂಥದ ಮೂಲ ಹಸ್ತಪ್ರತಿ ಕಣ್ಮರೆಯಾಯಿತು. ಆದರೆ 1777ರ ಸುಮಾರಿನಲ್ಲಿ ದೆವೋ ಎಂಬ ಫಿರಂಗಿದಳದ ಫ್ರೆಂಚ್ ಅಧಿಕಾರಿ ಅದನ್ನು ಆಧರಿಸಿ ಸಿದ್ಧಪಡಿಸಿದ ಪ್ರತಿಯೊಂದು ಲಂಡನ್ನಿನ ಇಂಡಿಯಾ ಆಫೀಸ್ ಗ್ರಂಥಾಲಯದಲ್ಲಿ ಉಳಿದಿತ್ತು. ಸಿಲ್ವಿಯಾ ಮ್ಯೂರ್ ಎಂಬ ಫ್ರೆಂಚ್ ವಿದುಷಿ ಅದನ್ನು ಸಾಲು ಸಾಲಾಗಿ ಪರಿಶೋಧಿಸಿ, 1987ರಲ್ಲಿ ಎರಡು ಸಂಪುಟಗಳಲ್ಲಿ ಪ್ರಕಟಿಸಿದರು. ಅಬ್ಬೆ ದ್ಯುಬ್ವಾ ಅವರ ಪ್ರಸಿದ್ಧ ಗ್ರಂಥದ ಬಹುಭಾಗ ಕೆರ್ದೂರವರ ಬರಹದಿಂದಲೇ ಬಂದದ್ದೆಂದು ಅದರಿಂದ ಸ್ಪಷ್ಟವಾಯಿತು. ದ್ಯುಬ್ವಾ ಅವರು ತಾವು ಕಂಡು ಕೇಳಿದ್ದನ್ನು ಸೇರಿಸಿದ್ದುಂಟು, ತಿದ್ದಿದ್ದುಂಟು. ಆದರೆ ಆ ಹಿರಿಯರಿಗೆ ಸಲ್ಲಬೇಕಾದ ಋಣದ ಮಾತು ಮಾತ್ರ ಗ್ರಂಥದಲ್ಲಿಲ್ಲ.

ಇದನ್ನು ದೇವಾಲಯದ ಸ್ಮರಣ ಸಂಚಿಕೆಯಲ್ಲಿ ಹೇಳಬೇಕೇ ಎಂದು ಯಾರಾದರೂ ಕೇಳಬಹುದು. ಹೇಳಲೇಬೇಕೆಂಬುದು ನಮ್ಮ ಅಭಿಮತ. ನಾವು ನಮ್ಮವರೆಂದು ಹೆಮ್ಮೆಪಡುವವರ ವಿಷಯದಲ್ಲಿಯೇ ಸತ್ಯವನ್ನು ಹೇಳದಿದ್ದರೆ ಬೇರೆಯವರ ವಿಷಯದಲ್ಲಿ ನಮ್ಮ ಮಾತಿಗೆ ಬೆಲೆಯಿರದು. ಲಸಿಕೆಯಿಂದ ಬದುಕಿದ ಮಕ್ಕಳು ಬದುಕಿದ್ದು ಸುಳ್ಳಾಗುವುದಿಲ್ಲ. ಸತ್ತಿಹಳ್ಳಿಯ ಹೊಲಗಳು ಬಂಜರಾಗುವುದಿಲ್ಲ. ದೊಡ್ಡ ಸ್ವಾಮಿಯವರು ದೊಡ್ಡವರಾಗಿದ್ದು ಗ್ರಂಥದಿಂದಲ್ಲ, ಜನರ ನಡುವೆ ಬಾಳಿದ ಬಾಳಿನಿಂದ. ಅವರ ಬಾಳಿಗೆ ಸಲ್ಲಬೇಕಾದುದನ್ನು ಅವರಿಗೂ, ಗ್ರಂಥಕ್ಕೆ ಸಲ್ಲಬೇಕಾದುದನ್ನು ಕೆರ್ದೂರವರಿಗೂ ಸಲ್ಲಿಸುವುದೇ ನ್ಯಾಯ.

ಆದರೆ ಲೆಕ್ಕ ಅಲ್ಲಿಗೂ ಮುಗಿಯದು. ಕೆರ್ದೂರವರಿಗೆ ಹೇಳಿದವರು ಯಾರು? ತೆಲುಗು ಸೀಮೆಯ ಪಂಡಿತರು, ಉಪದೇಶಿಗಳು, ಬಣ್ಣಗಾರರು. ಆ ಕಾಲದ ದೇಶೀಯ ಕ್ರೈಸ್ತರಲ್ಲಿ ಅಪರೂಪಕ್ಕೆ ಒಬ್ಬರ ಹೆಸರು ಉಳಿದಿದೆ: ಪಾಂಡಿಚೇರಿಯ ಫ್ರೆಂಚ್ ಕಂಪನಿಯಲ್ಲಿ ದುಭಾಷಿಯಾಗಿದ್ದ ಮರಿಯದಾಸ್ ಪಿಳ್ಳೆ. ಅವರು ಭಾಗವತವನ್ನು ತಮಿಳಿನಿಂದ ಫ್ರೆಂಚಿಗೆ ತಂದರು. ಅದು 1788ರಲ್ಲಿ ಪ್ಯಾರಿಸಿನಲ್ಲಿ ಅಚ್ಚಾಯಿತು. ಹೆಸರು ಉಳಿದ ಇವರೊಬ್ಬರ ಹಿಂದೆ ಹೆಸರುಳಿಯದ ನೂರು ಜನ ನಿಂತಿದ್ದಾರೆ. ನಮ್ಮಲ್ಲಿಯೂ ಹಾಗೆಯೇ. ಮೈಸೂರಿನ ಪ್ರೇಷಿತ ವಿಕಾರಿಗಳಾಗಿದ್ದ ಧರ್ಮಾಧ್ಯಕ್ಷ ಶಾರ್ಬೊನೋ ಅವರ ಕಾಲದಲ್ಲಿ, ಬೆಂಗಳೂರಿನ ಮಿಷನ್ ಮುದ್ರಣಾಲಯದಿಂದ 1855ರಲ್ಲಿ ಕನ್ನಡ–ಲತೀನ್ ನಿಘಂಟೂ 1861ರಲ್ಲಿ ಲತೀನ್–ಕನ್ನಡ ನಿಘಂಟೂ ಹೊರಬಂದವು. ಪರದೇಶದ ಗುರುವಿಗೆ ಒಂದೊಂದು ಕನ್ನಡ ಪದದ ಅರ್ಥವನ್ನು ತಾಳ್ಮೆಯಿಂದ ಬಿಡಿಸಿ ಹೇಳಿದ ಕನ್ನಡಿಗರು ಇಲ್ಲದೆ ನಿಘಂಟು ಹುಟ್ಟೀತೇ?

ಹುಯೆಯಲ್ಲಿ ಉಳಿದವರು

ದ್ಯುಬ್ವಾ ಅವರು ಸೇರಿದ್ದ ಸಂಸ್ಥೆಗೇ ಸೇರಿದ ಇನ್ನೊಬ್ಬ ಗುರುವಿನ ಬಾಳು ಬೇರೊಂದು ಬಗೆಯದು. ಲೆಯೊಪೋಲ್ಡ್ ಕಾದಿಯೇರ್ 1869ರಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಜನಿಸಿ, 1892ರಲ್ಲಿ ವಿಯೆಟ್ನಾಮಿನಲ್ಲಿ ಇಳಿದರು. ಅವರು ದೊಡ್ಡ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಲ್ಲ. ಬಾಳಿನ ಬಹುಕಾಲ ಹಳ್ಳಿಗಳ ವಿಚಾರಣಾ ಗುರು. ಪಾಪನಿವೇದನೆ ಕೇಳುವುದು, ರೋಗಿಗಳನ್ನು ಕಾಣುವುದು, ಸತ್ತವರನ್ನು ಮಣ್ಣು ಮಾಡುವುದು ಮೊದಲಾದ ನಿತ್ಯದ ಸೇವೆಗಳ ನಡುವೆಯೇ ಜನರ ಮಾತು, ಗಾದೆ, ನಂಬಿಕೆಗಳನ್ನು ಗಮನಿಸಿ ಬರೆದರು. ವಿಯೆಟ್ನಾಮಿನ ಧರ್ಮವೆಂದರೆ ಬೌದ್ಧ, ಕನ್‌ಫ್ಯೂಶಿಯಸ್, ದಾವೋ ಎಂಬ ಮೂರು ಮತಗಳೆಂದು ಪುಸ್ತಕ ನೋಡಿ ಹೇಳುವವರು ಬಹಳ ಮಂದಿ ಇದ್ದರು. ಕಾದಿಯೇರ್ ಅವರು ಹಳ್ಳಿಯ ಮರದ ಬುಡ, ಕಲ್ಲು, ಪೂರ್ವಜರ ಪೀಠ ಇವುಗಳ ಮುಂದೆ ಜನ ಏನು ಮಾಡುತ್ತಾರೆಂದು ನೋಡಿದರು. ಆತ್ಮಗಳ ಆರಾಧನೆಯೇ ಅಲ್ಲಿಯ ಸಾಮಾನ್ಯ ಜನರ ನಿಜವಾದ ಧರ್ಮವೆಂದು ಕಂಡುಕೊಂಡರು. ಮೂರು ಸಂಪುಟಗಳಷ್ಟಾದ ಆ ಬರಹಗಳನ್ನು ವಿದ್ವಾಂಸರು ಈಗಲೂ ಆಧಾರವಾಗಿ ಬಳಸುತ್ತಾರೆ. ಹಳೆಯ ರಾಜಧಾನಿಯಾದ ಹುಯೆಯ ಇತಿಹಾಸಕ್ಕಾಗಿ ಅವರು ಮುನ್ನಡೆಸಿದ ಪತ್ರಿಕೆ 1914ರಿಂದ 1944ರವರೆಗೆ ನಡೆಯಿತು.

ಆಮೇಲೆ ಯುದ್ಧ ಬಂದಿತು. ಫ್ರೆಂಚರ ಆಳ್ವಿಕೆಯ ವಿರುದ್ಧ ವಿಯೆಟ್ನಾಮ್ ಎದ್ದಿತು. ಎಪ್ಪತ್ತೈದು ದಾಟಿದ್ದ ಕಾದಿಯೇರ್ ಅವರನ್ನು ವಿನ್ಹ್ ನಗರದಲ್ಲಿ ವರ್ಷಗಟ್ಟಲೆ ನಿರ್ಬಂಧದಲ್ಲಿಟ್ಟರು. 1953ರಲ್ಲಿ ಬಿಡುಗಡೆಯಾದಾಗ ಅವರು ಸ್ವದೇಶಕ್ಕೆ ಹಿಂತಿರುಗಬಹುದಿತ್ತು. ತಮ್ಮನ್ನು ಬಂಧಿಸಿದ್ದ ನಾಡಿನಲ್ಲಿಯೇ ಸಾಯಲು ಬಯಸಿದರು. 1955ರಲ್ಲಿ ಹುಯೆಯಲ್ಲಿ ತೀರಿಕೊಂಡರು. ಅದಕ್ಕೂ ಮೊದಲು, 1942ರಲ್ಲಿ ತಮ್ಮ ವಿದ್ಯಾವ್ಯಾಸಂಗದ ನೆನಪುಗಳನ್ನು ಬರೆಯುವಾಗ, ಆ ಜನರನ್ನು ಅಭ್ಯಾಸ ಮಾಡಿದ್ದರಿಂದ ಅರ್ಥಮಾಡಿಕೊಂಡೆ, ಅರ್ಥಮಾಡಿಕೊಂಡದ್ದರಿಂದ ಪ್ರೀತಿಸಿದೆ ಎಂಬ ಭಾವವನ್ನು ಅವರು ತೋಡಿಕೊಂಡಿದ್ದರು. ಜನರ ಬುದ್ಧಿಯನ್ನೂ ಗುಣವನ್ನೂ ಮಾತ್ರವಲ್ಲ, ಅವರು ಪಟ್ಟ ಕಷ್ಟಗಳಿಗಾಗಿಯೂ ಅವರನ್ನು ಪ್ರೀತಿಸಿದೆನೆಂದರು. ಅರಿವಿನ ಋಣವನ್ನು ತೀರಿಸುವ ಬಗೆ ಇದಕ್ಕಿಂತ ಮಿಗಿಲಾದದ್ದು ನಮಗೆ ಕಾಣದು.

ನಮ್ಮ ಮುಂದಿರುವ ಲೆಕ್ಕ

ಮಿಷನರಿಗಳು ನಮ್ಮ ಸಂಸ್ಕೃತಿಯನ್ನು ಕಲಿತದ್ದು ಅದನ್ನು ಕೆಡಿಸುವುದಕ್ಕೇ ಎಂದು ಹೇಳುವವರಿದ್ದಾರೆ. ಅವರು ಮಾಡಿದ್ದೆಲ್ಲವೂ ಉಪಕಾರವೇ ಎಂದು ಹೇಳುವವರೂ ನಮ್ಮಲ್ಲಿದ್ದಾರೆ. ಈ ಎರಡು ಮಾತುಗಳೂ ಸುಲಭವಾದವು, ಎರಡೂ ಪೂರ್ಣಸತ್ಯವಲ್ಲ. ಈ ಗುರುಗಳು ಧರ್ಮ ಸಾರಲೆಂದೇ ಬಂದವರು, ಅದನ್ನು ಮರೆಮಾಚಬೇಕಾಗಿಲ್ಲ. ಅವರ ಬರಹ ಕೆಲವೊಮ್ಮೆ ಆಳುವವರ ಕೈಯ ಸಾಧನವಾಯಿತು. ಎರಡು ಸಾವಿರ ವರಾಹಗಳನ್ನು ಕಂಪನಿ ಸುಮ್ಮನೆ ಕೊಡಲಿಲ್ಲ. ಹಾಗೆಯೇ, ಯೂರೋಪು ಏಷ್ಯವನ್ನು ಕೀಳಾಗಿ ಕಂಡ ಕಾಲದಲ್ಲಿ, ಇಲ್ಲಿಯ ಭಾಷೆ ತಮ್ಮ ಪವಿತ್ರ ಲತೀನಿಗೆ ಸೋದರಿಯೆಂದು ನಿರ್ಭಯವಾಗಿ ಬರೆದವರೂ ಅವರಲ್ಲಿಯೇ ಒಬ್ಬರು. ಒಬ್ಬೊಬ್ಬರನ್ನೂ ಅವರವರ ಬಾಳಿನಿಂದಲೇ ತೂಗಬೇಕು.

1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಅನ್ಯಧರ್ಮಗಳಲ್ಲಿರುವ ಸತ್ಯವೂ ಪವಿತ್ರವೂ ಆದುದನ್ನು ಶ್ರೀಸಭೆ ತಿರಸ್ಕರಿಸುವುದಿಲ್ಲವೆಂದು ಘೋಷಿಸಿತು. ಎಷ್ಟೋ ವರ್ಷ ಮೊದಲೇ ಎಣ್ಣೆದೀಪದ ಬೆಳಕಿನಲ್ಲಿ ಪಂಡಿತರ ಮುಂದೆ ಕುಳಿತು ಓದಿದ ಗುರುಗಳ ದುಡಿಮೆಯೂ ಆ ಘೋಷಣೆಗೆ ನೆಲವನ್ನು ಹದಗೊಳಿಸಿತೆಂದು ನಾವು ನಂಬುತ್ತೇವೆ. ಹಾಗಿರುವಾಗ ನಮ್ಮನ್ನೇ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಏಳು ಸಮುದ್ರ ದಾಟಿ ಬಂದವರು ನಮ್ಮ ನೆರೆಮನೆಯವರ ಹಬ್ಬ, ಹಾಡು, ಶಾಸ್ತ್ರಗಳನ್ನು ಕಲಿತರು. ಒಂದೇ ಬೀದಿಯಲ್ಲಿ ಹುಟ್ಟಿ ಬೆಳೆದ ನಾವು ಅವುಗಳ ಬಗ್ಗೆ ಎಷ್ಟು ತಿಳಿದುಕೊಂಡಿದ್ದೇವೆ?

ಇನ್ನೊಂದು ಮಾತು. ಗುಣಹೊಂದಿದ ಹತ್ತು ಮಂದಿ ಕುಷ್ಠರೋಗಿಗಳಲ್ಲಿ ಹಿಂತಿರುಗಿ ಬಂದು ವಂದಿಸಿದವನು ಒಬ್ಬನೇ, ಅವನೂ ಹೊರಗಿನವನು ಎಂಬುದನ್ನು ಶುಭಸಂದೇಶದಲ್ಲಿ ಕೇಳಿದ್ದೇವೆ. ಕೃತಜ್ಞತೆಯೆಂದರೆ ಹಿಂತಿರುಗಿ ಬರುವುದು; ಪಡೆದದ್ದು ಯಾರಿಂದ ಎಂದು ನೋಡುವುದು; ಆ ಹೆಸರನ್ನು ಬಾಯಿತುಂಬ ಹೇಳುವುದು. ಶತಮಾನೋತ್ಸವದ ಶಿಲಾಫಲಕದ ಮೇಲೆ ಗುರುಗಳ ಹೆಸರುಗಳನ್ನು ಕೆತ್ತಿಸುವುದು ಯೋಗ್ಯವೇ. ಆದರೆ ಗುರುವಿಗೆ ಊರಿನ ಮಾತನ್ನು ಕಲಿಸಿದ ಉಪದೇಶಿ, ಮಕ್ಕಳಿಗೆ ಜಪ ಹೇಳಿಕೊಟ್ಟ ಅಜ್ಜಿ, ಕಲ್ಲು ಹೊತ್ತ ಕೂಲಿಯವರು, ಗೋಡೆ ಕಟ್ಟಿದ ಬೇರೆ ಧರ್ಮದ ಮೇಸ್ತ್ರಿ, ಇವರ ಹೆಸರುಗಳು ಎಲ್ಲಿವೆ? ಕೆಲವು ಜ್ಞಾನಸ್ನಾನದ ಹಳೆಯ ದಫ್ತರಗಳಲ್ಲಿವೆ. ಉಳಿದವು ನಿಮ್ಮ ಮನೆಯ ಹಿರಿಯರ ನೆನಪಿನಲ್ಲಿವೆ. ದಫ್ತರವನ್ನು ಗೆದ್ದಲಿನಿಂದ ಕಾಪಾಡಬಹುದು. ನೆನಪಾದರೋ ಅವರೊಡನೆಯೇ ಹೋಗಿಬಿಡುತ್ತದೆ.

ಆದುದರಿಂದ ಮನೆಗೆ ಹೋದ ಮೇಲೆ ನಿಮ್ಮ ಹಿರಿಯರ ಬಳಿ ಕುಳಿತು ಕೇಳಿರಿ, ಕೇಳಿದ್ದನ್ನು ಬರೆದಿಡಿರಿ, ಬರೆದದ್ದರ ಕೆಳಗೆ ಹೇಳಿದವರ ಹೆಸರನ್ನು ತಪ್ಪದೆ ಸೇರಿಸಿರಿ. ಕೆರ್ದೂರವರ ಹೆಸರು ಅವರ ಗ್ರಂಥಕ್ಕೆ ಮರಳಿ ಸೇರಲು ಇನ್ನೂರು ವರ್ಷಗಳೇ ಬೇಕಾದವು. ನಮ್ಮವರ ಹೆಸರುಗಳು ಅಷ್ಟು ಕಾಲ ಕಾಯದಿರಲಿ.

ದೇವರು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.